ದೇವರ ಗೂಡಿನ ಪುಡಿ

ಗ್ರಾಫಿನಲ್ಲಿ ಎಲ್ಲಕ್ಕಿಂತ ಗಿಡ್ಡಗಿರಬೇಕಾಗಿದ್ದ ಕಂಬ ಎಲ್ಲಕ್ಕಿಂತ ಎತ್ತರವಾಗಿ ನಿಂತಿತ್ತು. ಔಷಧಿ ಹಾಕದ ಕೋಶಗಳ ಕಂಬ ಅದು. ನಮ್ಮ ಕೆಲಸದಲ್ಲಿ ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಉಳಿದದ್ದನ್ನೆಲ್ಲ ಅದರ ಪಕ್ಕದಲ್ಲಿಟ್ಟು ಅಳೆಯುತ್ತೇವೆ. ಅದೇ ಕೆಟ್ಟರೆ ಪ್ರಯೋಗವೆಲ್ಲ ಕಸದ ಬುಟ್ಟಿಗೆ. ಸಂಭಾಜಿನಗರದ ನಮ್ಮ ಲ್ಯಾಬಿನಲ್ಲಿ ಆ ಬೆಳಿಗ್ಗೆ ಪರದೆಯ ಮುಂದೆ ನಿಂತು ನಾನು ಮೊದಲು ಅನುಮಾನಿಸಿದ್ದು ನನ್ನ ಕೈಯನ್ನು. ಎಲ್ಲೋ ತಪ್ಪಾಗಿ ಔಷಧಿಯ ಹನಿ ಬಿದ್ದಿರಬೇಕು ಎಂದುಕೊಂಡೆ. ರಕ್ತ ಕೊಟ್ಟ ಹೆಂಗಸಿನ ಜೀವ ಅಪಾಯದಲ್ಲಿದೆ ಎಂದು ಆ ಕಂಬ ಹೇಳುತ್ತಿತ್ತು. ಅದನ್ನು ಓದಲು ನಮಗಿನ್ನೂ ಬಂದಿರಲಿಲ್ಲ.

ನಾವು ನೋಡುತ್ತಿದ್ದುದು ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳನ್ನು. ಗಾಯವಾದಾಗ ಇವು ಮೊದಲು ಉರಿಯೂತ ಹಚ್ಚುತ್ತವೆ. ಊತ, ಕೆಂಪು, ನೋವು ಎಲ್ಲ ಅದರದ್ದೇ. ಆ ಕೆಲಸ ಮುಗಿದ ಮೇಲೆ ಅದೇ ಕೋಶಗಳು ಬೇರೊಂದು ಸ್ವಭಾವ ತಾಳಿ, ಸತ್ತದ್ದನ್ನು ತಿಂದು, ಉರಿಯನ್ನು ತಣಿಸಿ, ಕೆಟ್ಟ ಜಾಗವನ್ನು ದುರಸ್ತಿ ಮಾಡುತ್ತವೆ. ಈ ಸ್ವಭಾವ ಬದಲಾವಣೆಯನ್ನು ನಡೆಸುವವು ನ್ಯೂಕ್ಲಿಯರ್ ರಿಸೆಪ್ಟರ್ ಎಂಬ ಪ್ರೋಟೀನುಗಳು. ಗ್ರಾಹಕ ಎನ್ನೋಣ. ಅವುಗಳಲ್ಲಿ ಸ್ಟೆರಾಯ್ಡ್ ಹಾರ್ಮೋನಿನ ಗ್ರಾಹಕ ಒಂದು. ಹಾರ್ಮೋನು ಇಲ್ಲದಾಗ ಅದು ಕೋಶದೊಳಗೆ ಬೇರೆ ಪ್ರೋಟೀನುಗಳ ತೆಕ್ಕೆಯಲ್ಲಿ ಸುಮ್ಮನಿರುತ್ತದೆ. ಹಾರ್ಮೋನು ಬಂದು ಅಂಟಿದೊಡನೆ ತೆಕ್ಕೆ ಬಿಡಿಸಿಕೊಂಡು ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಗೊತ್ತಾದ ಜಾಗಗಳಲ್ಲಿ ಕೂರುತ್ತದೆ. ಉರಿ ಹಚ್ಚುವ ಜೀನ್‌ಗಳನ್ನು ಸುಮ್ಮನಾಗಿಸುತ್ತದೆ, ಉರಿ ತಣಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಕೊಬ್ಬಿನ ಕಣಗಳಿಗೆ ಓಗೊಡುವ ಇನ್ನೊಂದು ಗ್ರಾಹಕ ಮೊದಲೇ ಹೋಗಿ ಇದಕ್ಕೆ ಜಾಗ ತೆರೆದಿಡುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ಇದಕ್ಕೆ ಆರೋಗ್ಯವಂತರ ರಕ್ತ ಬೇಕು. ನಡುವಯಸ್ಸಿನವರಾಗಿರಬೇಕು, ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಬಾರದು. ಅಂಥವರು ಸುಲಭಕ್ಕೆ ಸಿಗುವುದಿಲ್ಲ. ನಾಸಿಕದ ಒಂದು ಆಸ್ಪತ್ರೆಯ ಡಾಕ್ಟರೊಬ್ಬರು ನಮ್ಮ ಯೋಜನೆಯಲ್ಲಿ ಪಾಲುದಾರರು. ಅವರಲ್ಲಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ರಕ್ತ ತೆಗೆಸಿಕೊಂಡು ಬರುವುದು ನನ್ನ ಪಾಳಿ. ಹೋದಾಗಲೆಲ್ಲ ಆಸ್ಪತ್ರೆಯ ಹಿಂದಿನ ಗಲ್ಲಿಯ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಬೀದರ ಜಿಲ್ಲೆಯಿಂದ ಬಂದ ಗಂಡ ಹೆಂಡತಿ ನಡೆಸುತ್ತಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನನ್ನ ಅಪ್ಪ ಅಮ್ಮ ಕಲಬುರಗಿಯವರು. ನಾನು ಬೆಳೆದದ್ದು ಮರಾಠಿಯ ನಡುವೆ. ಓದಿ ಬರೆದು ಕಲಿತ ನನ್ನ ಕನ್ನಡ ಕೇಳಿ ಖಾನಾವಳಿಯ ಅಕ್ಕ ನಗುತ್ತಿದ್ದರು.

"ನಿನ್ನ ಕನ್ನಡ ಹ್ಯಾಂಗ ಅದ ಅಂದ್ರ ತಂಗಿ, ನಿನ್ನಿ ರೊಟ್ಟಿ ಇದ್ದಂಗ. ಮುರಿತದ, ಬಗ್ಗಂಗಿಲ್ಲ."

ರಕ್ತ ಕೊಡುವವರು ಸಿಗುತ್ತಿಲ್ಲ ಎಂದು ಒಮ್ಮೆ ನಾನು ಗೊಣಗಿದಾಗ ತಾವೇ ಬರುತ್ತೇನೆಂದರು. ಕುರ್ಚಿಯಲ್ಲಿ ಕೂತು ತೋಳು ಚಾಚಿ, ಟ್ಯೂಬುಗಳು ಒಂದೊಂದಾಗಿ ತುಂಬುವುದನ್ನು ನೋಡುತ್ತ, "ಇಷ್ಟ್ ನೆತ್ತರ ಒಯ್ದು ಏನ್ ಮಾಡ್ತಿ? ಸಾರಿಗಿ ಹಾಕ್ತಿ?" ಎಂದರು.

ರಕ್ತ ತೆಗೆಯುವ ಮೊದಲು ಕೇಳಬೇಕಾದ್ದನ್ನೆಲ್ಲ ಕನ್ನಡದಲ್ಲೇ ಕೇಳಿದ್ದೆ. ಗುಳಿಗೆ, ಇಂಜೆಕ್ಷನ್, ಆಯುರ್ವೇದ, ಹೋಮಿಯೋಪತಿ, ಮನೆಮದ್ದು.

"ಏನೂ ಇಲ್ಲ. ಇವರ್ನ ಕೇಳು ಬೇಕಾದ್ರ."

ಪಕ್ಕದಲ್ಲಿದ್ದ ಗಂಡ ತಲೆಯಾಡಿಸಿದರು. "ಗುಳಿಗಿ ಕಂಡ್ರ ಓಡ್ತಾಳ್ರಿ ಆಕಿ. ಮದಲ ಮೊಣಕಾಲ ಅಂತ ಕುಂತಲ್ಲೇ ಕುಂತಿರ್ತಿದ್ಲು. ಈಗ ನೋಡ್ರಿ, ನನ್ನ ಕೈಗೆ ಸಿಗಂಗಿಲ್ಲ."

ಮೂವರೂ ನಕ್ಕೆವು. ಅಕ್ಕನ ಮುಖ ದುಂಡಗೆ, ಕೆನ್ನೆ ಕೆಂಪಗೆ ಇತ್ತು. ಅಡುಗೆಮನೆಯಲ್ಲಿ ಉಂಡುಟ್ಟು ಸುಖವಾಗಿರುವವರ ಮುಖ ಎಂದುಕೊಂಡೆ. ಅಂಥ ದುಂಡು ಮುಖದ ಚಿತ್ರ ರೋಗದ ಗುರುತೆಂದು ಪಠ್ಯಪುಸ್ತಕದಲ್ಲೇ ಇದೆ, ಆಗ ಹೊಳೆಯಲಿಲ್ಲ.

ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ತರುವಂತಿಲ್ಲ. ತಣ್ಣಗಾದರೆ ನಮಗೆ ಬೇಕಾದ ಕೋಶಗಳು ಟ್ಯೂಬಿನ ಗೋಡೆಗೆ ಅಂಟಿ ಹಾಳಾಗುತ್ತವೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ನೇರ ನಿಲ್ಲಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮನ್ಮಾಡ್ ದಾರಿಯ ರೈಲಿನಲ್ಲಿ ಬಂದೆ. ಲ್ಯಾಬಿಗೆ ಬಂದೊಡನೆ ರಕ್ತವನ್ನು ತೆಳುಗೊಳಿಸಿ, ಸಾಂದ್ರ ದ್ರವದ ಮೇಲೆ ಕಲೆಯದಂತೆ ಪದರವಾಗಿ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಅದು ನಿಲ್ಲುವಾಗ ಬ್ರೇಕ್ ಹಾಕಬಾರದು. ಜರ್ಕು ಕೊಟ್ಟರೆ ಪದರಗಳು ಕದಡುತ್ತವೆ. ಕೆಂಪು ತಳಕ್ಕೆ ಹೋಗಿ, ಮೇಲೆ ಹಳದಿ ದ್ರವ ಉಳಿದು, ಇವೆರಡರ ನಡುವೆ ತೆಳ್ಳನೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಪಿಪೆಟ್ಟಿನಿಂದ ಎಳೆದುಕೊಂಡು, ಅಯಸ್ಕಾಂತದ ಕಣಗಳಿಂದ ಮಾನೊಸೈಟ್ ಎಂಬ ಎಳೆಯ ಕೋಶಗಳನ್ನು ಬೇರ್ಪಡಿಸಬೇಕು. ಇವೇ ಮುಂದೆ ಮ್ಯಾಕ್ರೊಫೇಜ್‌ಗಳಾಗುವವು. ಒಂದು ಪಾಲನ್ನು ಬೆಳೆಸಲು ಇಟ್ಟೆ. ಒಂದು ಪಾಲಿನಿಂದ ಆಗಲೇ, ಯಾವ ಜೀನ್ ಎದ್ದಿದೆ ಎಂದು ಹೇಳುವ ಆರ್‌ಎನ್‌ಎ ತೆಗೆದೆ. ಇನ್ನೊಂದು ಪಾಲಿಗೆ ಫಾರ್ಮಲ್ಡಿಹೈಡ್ ಹಾಕಿ, ಕೋಶದೊಳಗೆ ಯಾವುದು ಎಲ್ಲಿದೆಯೋ ಅಲ್ಲೇ ಅಂಟುವಂತೆ ಮಾಡಿ ಫ್ರೀಜರಿನಲ್ಲಿಟ್ಟೆ. ಹಳದಿ ದ್ರವವನ್ನೂ, ಅಂದರೆ ಪ್ಲಾಸ್ಮಾವನ್ನೂ, ಎತ್ತಿಟ್ಟೆ.

ಎತ್ತರದ ಕಂಬ ಬಂದದ್ದು ಆ ಆರ್‌ಎನ್‌ಎಯಿಂದ. ಸ್ಟೆರಾಯ್ಡ್ ಬಂದಾಗ ಮಾತ್ರ ಏಳುವ ಜೀನ್‌ಗಳೆಲ್ಲ ಎದ್ದು ಕೂತಿದ್ದವು, ನಾನು ಸ್ಟೆರಾಯ್ಡ್ ಹಾಕುವ ಮೊದಲೇ.

ನಮ್ಮ ಮಾರ್ಗದರ್ಶಕಿ ಮರಾಠಿಯವರು. ದನಿ ಏರಿಸುವುದಿಲ್ಲ, ಆದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ನಮಗೆಲ್ಲ ಗೊತ್ತಾಗುತ್ತದೆ. ಗ್ರಾಫ್ ನೋಡಿ ಕನ್ನಡಕ ತೆಗೆದರು. "ಪರತ್ ಕರ್," ಎಂದರು. ಮತ್ತೆ ಮಾಡು.

ಮತ್ತೆ ಮಾಡಿದೆ. ಹೊಸ ನೀರು, ಹೊಸ ರಾಸಾಯನಿಕ, ಬೇರೆಯವರ ಪಿಪೆಟ್ಟು. ಅದೇ ಕಂಬ. ಆ ದಿನವೇ ತಂದ ಇನ್ನಿಬ್ಬರ ರಕ್ತದಲ್ಲಿ ಏನೂ ಇರಲಿಲ್ಲ. ಹಾಗಾದರೆ ತಪ್ಪು ನಮ್ಮ ಕೈಯದಲ್ಲ. ಅಂಟಿಸಿಟ್ಟಿದ್ದ ಕೋಶಗಳನ್ನು ಹೊರತೆಗೆದೆ. ಈ ಕೆಲಸಕ್ಕೆ ತಾಳ್ಮೆ ಬೇಕು. ಕೋಶಗಳನ್ನು ಒಡೆದು, ಡಿಎನ್‌ಎಯನ್ನು ಧ್ವನಿ ತರಂಗದಿಂದ ಚೂರು ಮಾಡಬೇಕು. ಟ್ಯೂಬು ಮಂಜಿನಲ್ಲೇ ಇರಬೇಕು, ಬಿಸಿಯಾದರೆ ಎಲ್ಲ ಬೆಂದುಹೋಗುತ್ತದೆ. ಆ ಚೂರುಗಳ ರಾಶಿಯಿಂದ, ಸ್ಟೆರಾಯ್ಡ್ ಗ್ರಾಹಕ ಕೂತಿರುವ ಚೂರುಗಳನ್ನು ಮಾತ್ರ ಪ್ರತಿಕಾಯದಿಂದ ಹಿಡಿದೆಳೆಯಬೇಕು. ತೊಳೆಯಬೇಕು, ಮತ್ತೆ ತೊಳೆಯಬೇಕು, ಅಂಟು ಬಿಡಿಸಬೇಕು, ಕೊನೆಗೆ ಯಾವ ಜೀನ್‌ನ ಚೂರು ಎಷ್ಟಿದೆ ಎಂದು ನೋಡಬೇಕು. ನೋಡಿದೆ. ಅಕ್ಕನ ಕೋಶಗಳಲ್ಲಿ ಗ್ರಾಹಕ ಕೋಶಕೇಂದ್ರದೊಳಗೆ ಡಿಎನ್‌ಎ ಮೇಲೆ ಗಟ್ಟಿಯಾಗಿ ಕೂತಿತ್ತು.

"ಏನೋ ದೊಡ್ಡ ಚಿಂತೆಯಲ್ಲಿರಬಹುದು ಆ ಹೆಂಗಸು," ಎಂದರು ಮಾರ್ಗದರ್ಶಕಿ. ಚಿಂತೆ, ಭಯ, ಒತ್ತಡ ಇದ್ದಾಗ ದೇಹದ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ನಮ್ಮದೇ ಸ್ಟೆರಾಯ್ಡನ್ನು ಹೆಚ್ಚು ಸುರಿಸುತ್ತವೆ. ಎತ್ತಿಟ್ಟ ಪ್ಲಾಸ್ಮಾದಲ್ಲಿ ಕಾರ್ಟಿಸೋಲ್ ಎಷ್ಟಿದೆ ಎಂದು ತಿಳಿಯಲು ಅದನ್ನು ಹೊರಗಿನ ಲ್ಯಾಬಿಗೆ ಕಳಿಸಿದೆವು. ಜೊತೆಗೆ ಎರಡನೇ ಸಲ ರಕ್ತ ಕೊಡಲು ಸಾಧ್ಯವೇ ಎಂದು ನಾನು ಅಕ್ಕನ ಮನೆಗೆ ಫೋನ್ ಮಾಡಿದೆ. ಗಂಡ ಎತ್ತಿಕೊಂಡರು.

"ನಮ್ ಕಾಕಾ ತೀರ್ಕೊಂಡಾರ್ರಿ ಮ್ಯಾಡಮ್ಮರ. ಊರಿಗಿ ಹೋಗಿ ಮಣ್ಣು ಮುಗಿಸ್ಕೊಂಡು ಬಂದೇವಿ. ಸೂತಕ ಅದ, ಖಾನಾವಳಿನೂ ಬಂದ್ ಇಟ್ಟೇವಿ. ಸೂತಕ ಕಳೆಯೋ ತನಕ ಆಕಿ ಎಲ್ಲೂ ಬರಂಗಿಲ್ಲ."

ಸಮಾಧಾನದ ಮಾತಾಡಿ ಇಟ್ಟೆ. ಮಾರ್ಗದರ್ಶಕಿಗೆ ಹೇಳಿದಾಗ ಅವರು, ಒಳ್ಳೆಯದೇ ಆಯಿತು, ಏನಾದರೂ ಗೊತ್ತಿಲ್ಲದೆ ತೆಗೆದುಕೊಂಡಿದ್ದರೂ ಅಷ್ಟರಲ್ಲಿ ಮೈಯಿಂದ ಹೋಗಿರುತ್ತದೆ, ರಕ್ತ ಶುದ್ಧವಾಗಿ ಸಿಗುತ್ತದೆ ಎಂದರು. ನನಗೂ ಅದು ಸರಿ ಅನ್ನಿಸಿತು. ಪ್ರಯೋಗಕ್ಕೆ ಮೊದಲು ಔಷಧಿ ನಿಲ್ಲಿಸುವುದು ನಮ್ಮಲ್ಲಿ ದಿನನಿತ್ಯದ ಮಾತು.

ಕಾರ್ಟಿಸೋಲಿನ ವರದಿ ಬಂದ ದಿನ ನಾನು ನಾಸಿಕದಲ್ಲಿದ್ದೆ, ಬೇರೆ ಇಬ್ಬರ ರಕ್ತಕ್ಕಾಗಿ. ಎರಡನೆಯವರ ತೋಳಿಗೆ ಪಟ್ಟಿ ಕಟ್ಟುವಾಗ ಫೋನ್ ಬಂತು. ಮಾರ್ಗದರ್ಶಕಿಯ ದನಿ ಎಂದಿನಂತಿರಲಿಲ್ಲ.

"ಕಾರ್ಟಿಸೋಲ್ ಇಲ್ಲವೇ ಇಲ್ಲ," ಎಂದರು. "ಹೆಚ್ಚಿರಬೇಕಿತ್ತು. ಇಲ್ಲವೇ ಇಲ್ಲ."

ಟ್ಯೂಬು ಕೈಯಲ್ಲಿ ಹಿಡಿದು ನಿಂತೆ. ಕೋಶಗಳು ಹೇಳುತ್ತಿವೆ, ಸ್ಟೆರಾಯ್ಡ್ ಬೇಕಾದಷ್ಟಿದೆ. ರಕ್ತ ಹೇಳುತ್ತಿದೆ, ಅಕ್ಕನ ಸ್ವಂತದ್ದು ಒಂದು ಹನಿಯೂ ಇಲ್ಲ. ಎರಡೂ ನಿಜವಾಗಬೇಕಾದರೆ ದಾರಿ ಒಂದೇ. ಹೊರಗಿನಿಂದ ಬರುತ್ತಿದೆ. ಕಾರ್ಟಿಸೋಲಿನ ಪರೀಕ್ಷೆಗೆ ಕಾಣಿಸದ, ಆದರೆ ಅದೇ ಗ್ರಾಹಕಕ್ಕೆ ಅದಕ್ಕಿಂತ ಬಿಗಿಯಾಗಿ ಅಂಟುವ ಕೃತಕ ಸ್ಟೆರಾಯ್ಡ್ ಒಂದಿದೆ: ಡೆಕ್ಸಾಮೆಥಾಸೋನ್. ನಾವೇ ಲ್ಯಾಬಿನಲ್ಲಿ ಕೋಶಗಳಿಗೆ ಹಾಕುವುದು ಅದನ್ನೇ. ಬಹಳ ಕಾಲ ಅದನ್ನು ನುಂಗಿದರೆ ಮುಖ ಪಠ್ಯಪುಸ್ತಕದ ಆ ಚಿತ್ರದಂತೆ ದುಂಡಗಾಗುತ್ತದೆ. ಮಿದುಳಿನ ತಳದ ಗ್ರಂಥಿಯ ಕೋಶಗಳಲ್ಲೂ ಅದೇ ಗ್ರಾಹಕ ಡಿಎನ್‌ಎ ಮೇಲೆ ಕೂತು, ಸಾಕಷ್ಟಿದೆ, ಇನ್ನು ಮಾಡಬೇಡ ಎಂಬ ಸಂದೇಶ ಹೋಗುವಂತೆ ಮಾಡುತ್ತದೆ. ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿ ಸೊರಗುತ್ತವೆ. ಹೊರಗಿನದು ಬರುತ್ತಿರುವವರೆಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದು ಒಮ್ಮೆಲೇ ನಿಂತರೆ ಮೈಯಲ್ಲಿ ಎರಡೂ ಇರುವುದಿಲ್ಲ. ರಕ್ತದೊತ್ತಡ ಹಿಡಿದಿಡುವುದು ಯಾವುದೂ ಉಳಿಯುವುದಿಲ್ಲ.

"ಹೋಗಿ ಕೇಳು, ಏನು ತಿನ್ನುತ್ತಿದ್ದಾರೆ ಅಂತ," ಎಂದರು ಮಾರ್ಗದರ್ಶಕಿ. "ನಿಲ್ಲಿಸಬೇಡಿ ಅಂತ ಮೊದಲು ಹೇಳು."

ಖಾನಾವಳಿಯ ಬಾಗಿಲು ಹಾಕಿತ್ತು. ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋದೆ. ನಡು ಮಧ್ಯಾಹ್ನ. ಅಕ್ಕ ಗೋಡೆಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು, ತಲೆಯ ಹತ್ತಿರ ಒಂದು ಬಕೆಟ್. ಗಂಡ ಲಿಂಬೆ ಶರಬತ್ತು ಕದಡುತ್ತಿದ್ದರು.

"ಬರ್ರಿ. ಊರಿಂದ ಬಂದಾಗಿಂದ ಹಿಂಗೇ. ಉಂಡದ್ದು ನಿಲ್ಲಂಗಿಲ್ಲ. ಎದ್ರ ಕಣ್ಣಿಗಿ ಕತ್ಲಿ ಬರ್ತದ ಅಂತಾಳ. ಬಸ್ಸಿನ ಧಗಿ ಬಡದದ."

"ಅಕ್ಕಾರ, ನೀವು ದಿನಾ ಏನರೆ ತಗೋತಿದ್ರೇನು? ನೋವಿಗಿ?"

ಅವರು ಕಣ್ಣು ತೆರೆದರು. ತುಟಿ ಒಣಗಿತ್ತು. "ಎಷ್ಟ್ ಸಲ ಕೇಳ್ತಿ ತಂಗಿ. ಗುಳಿಗಿ ಮುಟ್ಟಿಲ್ಲ ನಾ."

"ಗುಳಿಗಿ ಅಲ್ರಿ. ಪುಡಿ, ಕಷಾಯ, ಎಣ್ಣಿ, ಏನರೆ. ಈಗ ನಿಲ್ಲಿಸಿದ್ದು ಏನರೆ ಅದ ಏನು?"

ಗಂಡ ಉತ್ತರಿಸಿದರು. ಅದು ಇಷ್ಟೊಂದು ಕೇಳುವ ವಿಷಯವೇ ಅಲ್ಲ ಎಂಬಂತೆ ಉತ್ತರಿಸಿದರು. "ನಿಲ್ಸೋದೇನ್ರಿ? ಸೂತಕದಾಗ ದೇವರ ಗೂಡೇ ಮುಚ್ಚೇವಿ. ದೀಪ ಇಲ್ಲ, ಪೂಜಿ ಇಲ್ಲ, ಅಂಗಾರ ಇಲ್ಲ."

"ಅಂಗಾರ ಅಂದ್ರ?"

"ತ್ರ್ಯಂಬಕದ ದಾರ್ಯಾಗ ಒಬ್ಬಾತ ಕೊಡ್ತಾನ್ರಿ. ಮಂತ್ರ ಹಾಕಿದ ಬೂದಿ. ದಿನಾ ಮುಂಜಾನಿ ಸ್ನಾನ ಮಾಡಿ ಗೂಡಿನ ಮುಂದ ನಿಂತು ಒಂದ್ ಚಿಟಿಕಿ ಬಾಯಾಗ ಹಾಕ್ಕೋಬೇಕು. ಮೂರ್ ವರ್ಷ ಆತು. ಅದರ ಮ್ಯಾಲೇ ಇಕಿ ಮೊಣಕಾಲು ನಡದಾವ."

ಆ ಕ್ಷಣ ನನಗೆ ಇವತ್ತಿಗೂ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಬಸ್ಸಿನಲ್ಲಿ ಕೂತಾಗ, ಪಿಪೆಟ್ಟು ಹಿಡಿದಾಗ. ನಾನು ಔಷಧಿ ಕೇಳಿದ್ದೆ, ಅವರು ನಿಜವನ್ನೇ ಹೇಳಿದ್ದರು. ಅವರ ಮಟ್ಟಿಗೆ ಅದು ಪ್ರಸಾದ. ನಮ್ಮಂಥ ಮನೆಗಳಲ್ಲಿ ಸೂತಕದ ದಿನಗಳಲ್ಲಿ ದೇವರದ್ದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಅಮ್ಮನೂ ಮುಟ್ಟುವುದಿಲ್ಲ. ಫೋನಿನಲ್ಲಿ ಸೂತಕ ಎಂಬ ಮಾತು ಕೇಳಿದಾಗ ನಾವು ಲ್ಯಾಬಿನಲ್ಲಿ ಖುಷಿಪಟ್ಟಿದ್ದೆವು.

ನಾನು ಡಾಕ್ಟರಲ್ಲ. ನನ್ನದು ಜೀವಶಾಸ್ತ್ರದ ಓದು. ಒಂದು ಚಿಟಿಕೆಯಲ್ಲಿ ಎಷ್ಟು ಸ್ಟೆರಾಯ್ಡ್ ಇದೆ, ಬೇರೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಬಾಯಿಗೆ ಹಾಕಿಸಿ ಎನ್ನಲೇ, ಎನ್ನಬಾರದೇ? ಡಾಕ್ಟರಿಗೆ ಫೋನ್ ಮಾಡಿದೆ, ಓಪಿಡಿಯಲ್ಲಿದ್ದರು, ಎತ್ತಲಿಲ್ಲ. ಅಕ್ಕನ ಮಣಿಕಟ್ಟು ಹಿಡಿದೆ. ತಣ್ಣಗೆ ಒದ್ದೆಯಾಗಿತ್ತು, ನಾಡಿ ದಾರದಂತೆ ಓಡುತ್ತಿತ್ತು. ನಿರ್ಧಾರ ಮಾಡಿದೆ.

"ಅಣ್ಣಾರ, ಆಟೋ ಕರೀರಿ. ದವಾಖಾನಿಗಿ ಹೋಗೋಣ. ಅದಕ್ಕಿಂತ ಮದಲ ಆ ಅಂಗಾರ ಒಂದ್ ಚಿಟಿಕಿ ಇವರಿಗಿ ಕೊಡ್ರಿ. ಈಗೇ."

ಅವರು ಚಮಚೆ ಕೆಳಗಿಟ್ಟರು. "ಸೂತಕದಾಗ?"

"ಪಾಪ ಹಚ್ಚಬ್ಯಾಡ ತಂಗಿ," ಎಂದರು ಅಕ್ಕ. ಕಣ್ಣು ಮುಚ್ಚಿಯೇ ಇತ್ತು. "ಇನ್ನ ನಾಲ್ಕ್ ದಿನ. ಆಮ್ಯಾಲ ತಗೋತೀನಿ."

ನಾಲ್ಕು ದಿನ ಇರಲಿಲ್ಲ ಅವರಿಗೆ. ಸಂಜೆಯವರೆಗೂ ಇತ್ತೋ ಇಲ್ಲವೋ. ಹೇಳಬೇಕಾದ ಮಾತು ಒಂದೇ ಉಳಿದಿತ್ತು.

"ಅಕ್ಕಾರ, ಅದು ಅಂಗಾರ ಅಲ್ಲ. ಗುಳಿಗಿ ಅರದು ಬೂದ್ಯಾಗ ಕಲಸ್ಯಾರ. ದೇವರದ್ದಲ್ಲ ಅದು. ಸೂತಕ ತಟ್ಟಂಗಿಲ್ಲ ಅದಕ್ಕ."

ಅಕ್ಕ ಕಣ್ಣು ತೆರೆದರು.

"ನಿನಗ ಹ್ಯಾಂಗ ಗೊತ್ತು?"

"ನಿಮ್ಮ ರಕ್ತದಾಗ ಕಂಡದ."

ಅವರು ಏಳಲು ನೋಡಿದರು. ನನ್ನನ್ನು ಬೈಯಲೋ, ಹೊರಗೆ ಹೋಗೆನ್ನಲೋ, ತಿಳಿಯದು. ಮೊಣಕೈ ಊರಿ ಅರ್ಧ ಎದ್ದವರು ಹಾಗೇ ಪಕ್ಕಕ್ಕೆ ವಾಲಿದರು. ತಲೆ ನೆಲಕ್ಕೆ ಬಡಿಯುವ ಮೊದಲು ಹಿಡಿದುಕೊಂಡೆ. ಮೈ ಪೂರ್ತಿ ಸಡಿಲವಾಗಿತ್ತು. ಇನ್ನು ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ, ಉಸಿರಿನ ದಾರಿಗೆ ಹೋಗುತ್ತದೆ. "ಪುಡಿ ಪೊಟ್ಟಣ ತಗೋರಿ, ಡಾಕ್ಟರಿಗೆ ತೋರಿಸಬೇಕು," ಎಂದೆ. ಗಂಡ ಗೂಡಿನ ಮುಂದೆ ಹೋಗಿ ನಿಂತರು. ಗೂಡಿಗೆ ಎಳೆದಿದ್ದ ಪರದೆಯವರೆಗೆ ಹೋದ ಕೈ ಅಲ್ಲೇ ನಿಂತಿತು. ಹೆಂಡತಿ ಸಾಯುತ್ತಿದ್ದಾಳೆ ಎಂದು ಅವರಿಗೆ ಆಗ ಗೊತ್ತಾಗಿತ್ತು, ಆದರೂ ಕೈ ಮುಂದೆ ಹೋಗಲಿಲ್ಲ. ನಾನೇ ಪರದೆ ಸರಿಸಿ ಪೊಟ್ಟಣ ತೆಗೆದುಕೊಂಡೆ.

ಆಟೋದಲ್ಲಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇತ್ತು. ಆದರೂ ಒಂದು ತಿರುವಿನಲ್ಲಿ ಟೆಂಪೋ ಅಡ್ಡ ನಿಂತಿತ್ತು, ಗಂಡ ಇಳಿದು ಕೈಮುಗಿದು ಸರಿಸಿದರು. ತುರ್ತು ವಿಭಾಗದ ಕಿರಿಯ ಡಾಕ್ಟರು ವಾಂತಿ, ನಿತ್ರಾಣ, ಊರಿಂದ ಪ್ರಯಾಣ ಎಂದು ಕೇಳಿದ್ದೇ ಹೊಟ್ಟೆಯ ಸೋಂಕು ಎಂದುಕೊಂಡರು. ಸಲೈನ್ ಹಚ್ಚಲು ಹೇಳಿದರು. ರಕ್ತದೊತ್ತಡದ ಮೇಲಿನ ಅಂಕಿ ಎಪ್ಪತ್ತನ್ನೂ ಮುಟ್ಟಲಿಲ್ಲ. ನಾನು ಪೊಟ್ಟಣ ಮುಂದಿಟ್ಟು, ಇದರಲ್ಲಿ ಸ್ಟೆರಾಯ್ಡ್ ಇದೆ, ಮೂರು ವರ್ಷ ತಿಂದಿದ್ದಾರೆ, ಒಮ್ಮೆಲೇ ನಿಂತಿದೆ, ಸಲೈನ್ ಒಂದರಿಂದ ಆಗುವುದಿಲ್ಲ ಎಂದೆ.

"ಟೆಸ್ಟ್ ಮಾಡಿದ್ದೀರಾ ಪುಡಿಯನ್ನು?" ಎಂದು ಮರಾಠಿಯಲ್ಲಿ ಕೇಳಿದರು.

"ಪುಡಿಯನ್ನಲ್ಲ. ಇವರ ಕೋಶಗಳನ್ನು."

ಅವರು ನನ್ನನ್ನು ನೋಡಿದ ರೀತಿಗೆ ಅವರನ್ನು ದೂರುವುದಿಲ್ಲ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕನ ಕೈಕಾಲು ಸೆಟೆದವು. ದವಡೆ ಬಿಗಿಯಿತು. ಇಡೀ ಮಂಚ ಅಲುಗಿ ಗೋಡೆಗೆ ಬಡಿಯತೊಡಗಿತು. ಸಕ್ಕರೆ ಪರೀಕ್ಷೆ ಮಾಡಿದ ನರ್ಸ್ ಅಂಕಿ ಓದಿ ಇನ್ನೊಮ್ಮೆ ಚುಚ್ಚಿ ನೋಡಿದಳು, ಅಷ್ಟು ಕಡಿಮೆ ಇತ್ತು. ನಾನು ಓಪಿಡಿಗೆ ಓಡಿ, ನಮ್ಮ ಪಾಲುದಾರ ಡಾಕ್ಟರ ಮುಂದೆ ಕೂತಿದ್ದ ರೋಗಿಯ ತಲೆಯ ಮೇಲಿಂದಲೇ ವಿಷಯ ಹೇಳಿದೆ. ಕಾರ್ಟಿಸೋಲ್ ವರದಿಯನ್ನು ಫೋನಿನಲ್ಲಿ ತೋರಿಸಿದೆ. ಅವರು ಪೂರ್ತಿ ಓದಲಿಲ್ಲ. ಎದ್ದು ನಡೆಯುತ್ತಲೇ ತುರ್ತು ವಿಭಾಗಕ್ಕೆ ಫೋನ್ ಮಾಡಿ ಹೈಡ್ರೊಕಾರ್ಟಿಸೋನ್, ಅಂದರೆ ಕಾರ್ಟಿಸೋಲನ್ನೇ, ಇಂಜೆಕ್ಷನ್ ಕೊಡಲು ಹೇಳಿದರು.

ನಾಳದ ಮೂಲಕ ಇಂಜೆಕ್ಷನ್ ಹೋಯಿತು, ಗ್ಲೂಕೋಸ್ ಹೋಯಿತು. ನಂತರ ಕಾಯುವುದು. ಈ ಕಾಯುವಿಕೆಯ ಬಗ್ಗೆ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಹಾರ್ಮೋನು ಕೋಶದೊಳಗೆ ಹೋಗಬೇಕು, ಗ್ರಾಹಕಕ್ಕೆ ಅಂಟಬೇಕು, ಗ್ರಾಹಕ ಕೋಶಕೇಂದ್ರಕ್ಕೆ ಸಾಗಬೇಕು, ಜೀನ್ ಓದಿಸಬೇಕು, ಪ್ರೋಟೀನು ತಯಾರಾಗಬೇಕು. ಲ್ಯಾಬಿನಲ್ಲಿ ಈ ಹಂತಗಳ ನಡುವೆ ನಾವು ಚಹಾ ಕುಡಿದು ಬರುತ್ತೇವೆ. ಅಲ್ಲಿ ಮಂಚದ ಸರಳು ಹಿಡಿದು ನಿಂತು ಮಾನಿಟರಿನ ಅಂಕಿ ನೋಡುತ್ತ, ಬೇಗ ಸಾಗು, ಬೇಗ ಕೂರು ಎಂದು ಕಣ್ಣಿಗೆ ಕಾಣದ ಒಂದು ಪ್ರೋಟೀನಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಒತ್ತಡ ಎರಡು ಸಲ ಏರಿ ಎರಡು ಸಲ ಬಿತ್ತು. ಗಂಡ ಗೋಡೆಗೆ ಒರಗಿ ಕೂತಿದ್ದರು. ಒಮ್ಮೆ ತಲೆಯೆತ್ತಿ, "ದೇವರ ಗೂಡಿಗೆ ನೀವ್ ಕೈ ಹಾಕಿದ್ರಿ, ನಿಮಗೇನೂ ಆಗಂಗಿಲ್ಲಲ್ಲ?" ಎಂದು ಕೇಳಿದರು. ಇಲ್ಲ ಎಂದೆ. ಸೂರ್ಯ ಕಿಟಕಿಯಿಂದ ಇಳಿಯುವ ಹೊತ್ತಿಗೆ ಅಂಕಿ ತೊಂಬತ್ತು ದಾಟಿ ಅಲ್ಲೇ ನಿಂತಿತು. ಅಕ್ಕ ಕಣ್ಣು ತೆರೆದು ನೀರು ಕೇಳಿದರು.

ಬದುಕಿದರು. ಇಲ್ಲಿಗೆ ನಿಲ್ಲಿಸಬಹುದಿತ್ತು.

ಎ‌ಕ್ಸ್‌ರೇಯಲ್ಲಿ ಬೆನ್ನಿನ ಎರಡು ಮೂಳೆಗಳು ಕುಸಿದಿದ್ದವು. ಮೊಣಕಾಲಿನ ಉರಿಯನ್ನು ತಣಿಸಿದ ಅದೇ ಗ್ರಾಹಕ ಮೂಳೆ ಕಟ್ಟುವ ಕೋಶಗಳಲ್ಲೂ ಇದೆ. ಮೂರು ವರ್ಷ ಅಲ್ಲೂ ಕೂತು ಅವುಗಳ ಕೆಲಸ ನಿಲ್ಲಿಸಿತ್ತು. ಇನ್ನು ಮೇಲೆ ಹಿಟ್ಟಿನ ಪರಾತ ಎತ್ತಬಾರದು, ಬಗ್ಗಿ ರೊಟ್ಟಿ ಬಡಿಯಬಾರದು ಎಂದರು ಡಾಕ್ಟರು. ಸ್ಟೆರಾಯ್ಡ್ ಗುಳಿಗೆ ತಪ್ಪಿಸುವಂತಿಲ್ಲ. ತಿಂಗಳುಗಟ್ಟಲೆ, ಚೂರು ಚೂರೇ ಕಡಿಮೆ ಮಾಡುತ್ತ, ಗ್ರಂಥಿಗಳು ಏಳುತ್ತವೆಯೇ ನೋಡಬೇಕು. ಏಳದಿದ್ದರೆ ಬದುಕಿರುವವರೆಗೂ.

"ಹಂಗಾರ ಮತ್ತ ಅದೇ ತಿನ್ನಬೇಕು ಅನ್ನು," ಎಂದರು ಅಕ್ಕ, ಗುಳಿಗೆಯನ್ನು ಅಂಗೈಯಲ್ಲಿ ತಿರುಗಿಸುತ್ತ. "ಮದಲ ಕೈಮುಗದು ತಿಂದೆ. ಈಗ ಕೈ ಮುಗೀದೆ ತಿನ್ನಬೇಕು. ಅಷ್ಟೇ ಫರಕು."

ನೀರಿನ ಲೋಟ ಮುಂದೆ ಹಿಡಿದೆ.

"ನೋವು ಕಮ್ಮಿ ಆಗಿದ್ದು ಖರೇ ಅದ ಇಲ್ಲೋ?"

"ಖರೇ ಅದ ಅಕ್ಕಾರ."

"ಅದನ್ನ ಹ್ಯಾಂಗ ಸುಳ್ಳು ಅನ್ಲಿ ನಾ," ಎಂದು ಗೋಡೆಯ ಕಡೆ ಹೊರಳಿದರು.

ಸೂತಕ ಕಳೆದ ಮೇಲೆ ಗಂಡ ತಮ್ಮ ಕಡೆಯ ನಾಲ್ಕು ಜನರನ್ನು ಕರೆದುಕೊಂಡು ಪುಡಿ ಕೊಡುವವನಲ್ಲಿಗೆ ಹೋದರು. ಅವನಿಗೂ ದೇವಸ್ಥಾನಕ್ಕೂ ಸಂಬಂಧವೇನೂ ಇರಲಿಲ್ಲ, ರಸ್ತೆ ಬದಿಯ ಒಂದು ಮಳಿಗೆ ಅಷ್ಟೆ. ಇವರು ಹೋಗಿ ಗಲಾಟೆ ಮಾಡಿದರು, ಪೊಲೀಸರಿಗೆ ಹೇಳುತ್ತೇವೆ ಎಂದರು. ಮರುದಿನ ಅವನು ಶಟರ್ ಎಳೆದು ಊರು ಬಿಟ್ಟಿದ್ದ. ಗಂಡ ಫೋನಿನಲ್ಲಿ ನನಗೆ ಇದನ್ನು ಹೇಳುವಾಗ ದನಿಯಲ್ಲಿ ಗೆಲುವಿತ್ತು. ನಾನೂ ಭೇಷ್ ಎಂದೆ. ಆ ಪುಡಿಯ ವಿಷಯ ಮರಾಠಿಯಲ್ಲಿ ದೊಡ್ಡದಾಗಿ ಬರೆದು ಅಲ್ಲಲ್ಲಿ ಅಂಟಿಸೋಣ, ಯಾರೂ ತಿನ್ನಬೇಡಿ ಎಂದು ಹೇಳೋಣ ಎಂದು ಅದೇ ವಾರ ನಾಸಿಕಕ್ಕೆ ಹೋದಾಗ ಡಾಕ್ಟರಿಗೆ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ತಿನ್ನಬೇಡಿ ಅಂದರೆ ನಾಳೆಯಿಂದಲೇ ಬಿಡುತ್ತಾರೆ. ಬಿಟ್ಟವರು ಏನಾಗುತ್ತಾರೆ ಅಂತ ನೀವೇ ನೋಡಿದ್ದೀರಿ. ವಿಷ ಅಂತಲೂ ಹೇಳಬೇಕು, ನಿಲ್ಲಿಸಬೇಡಿ ಅಂತಲೂ ಹೇಳಬೇಕು. ಗೋಡೆಯ ಮೇಲೆ ಅದನ್ನು ಹೇಗೆ ಬರೆಯುತ್ತೀರಿ?" ಸ್ವಲ್ಪ ತಡೆದು, "ಅವನ ಅಂಗಡಿ ಮುಚ್ಚಿದ್ದು ಯಾವಾಗ?" ಎಂದರು.

ನಾನು ಎದ್ದು ತ್ರ್ಯಂಬಕದ ಜೀಪು ಹಿಡಿದೆ. ಡಾಕ್ಟರು ಆರೋಗ್ಯ ಕೇಂದ್ರಗಳಿಗೆ ಫೋನ್ ಮಾಡಲು ಕೂತರು.

ಶಟರಿನ ಮುಂದೆ ಕಲ್ಲುಕಟ್ಟೆಯ ಮೇಲೂ ನೆಲದ ಮೇಲೂ ಜನ ಕೂತಿದ್ದರು. ಹೆಚ್ಚಿನವರು ವಯಸ್ಸಾದವರು, ಬಹುಪಾಲು ಹೆಂಗಸರು. ಎಷ್ಟೋ ಮುಖಗಳು ದುಂಡಗಿದ್ದವು, ಕೆನ್ನೆ ಕೆಂಪಗಿದ್ದವು. ಪುಡಿಯವನು ಬರುವುದಿಲ್ಲ, ಅದರಲ್ಲಿ ಸ್ಟೆರಾಯ್ಡ್ ಇತ್ತು, ಎಲ್ಲರೂ ಇವತ್ತೇ ಸರಕಾರಿ ದವಾಖಾನೆಗೆ ಹೋಗಿ, ಪುಡಿ ನಿಂತಿದೆ ಎಂದು ಅಲ್ಲಿ ಹೇಳಿ ಎಂದು ಮರಾಠಿಯಲ್ಲಿ ಹೇಳಿದೆ. ಮತ್ತೆ ಹೇಳಿದೆ. ಒಬ್ಬ ಹೆಂಗಸು, ನೀವು ಯಾವ ಕಂಪನಿಯವರು ಎಂದು ಕೇಳಿದಳು. ಇಬ್ಬರು ಎದ್ದು ನನ್ನ ಜೊತೆ ಬರಲು ಒಪ್ಪಿದರು. ಉಳಿದವರು ಕೂತೇ ಇದ್ದರು. ಅವರಲ್ಲಿ ಕಂಬಕ್ಕೆ ಒರಗಿದ್ದ ಒಬ್ಬ ಮುದುಕಿಯ ಹತ್ತಿರ ಹೋಗಿ ಪುಡಿ ಮುಗಿದು ಎಷ್ಟು ದಿನವಾಯಿತು ಎಂದೆ. ಸೋಮವಾರವೇ ಮುಗಿಯಿತು ಎಂದಳು. ಕೈ ಮುಟ್ಟಿದೆ. ತಣ್ಣಗೆ ಒದ್ದೆಯಾಗಿತ್ತು.

"ಆಜಿ, ಈಗಲೇ ದವಾಖಾನೆಗೆ ಹೋಗೋಣ, ನಾನು ಕರೆದುಕೊಂಡು ಹೋಗುತ್ತೇನೆ," ಎಂದೆ. ಅವಳು ಕೈ ಬಿಡಿಸಿಕೊಂಡಳು. ದವಾಖಾನೆಯಲ್ಲಿ ಎರಡು ವರ್ಷ ಅಲೆದಿದ್ದೇನೆ, ಕಾಲು ನಡೆಸಿದ್ದು ಇವನೇ ಎಂದಳು.

ಆಗ ಜೀಪಿನ ಹತ್ತಿರ ನಿಂತಿದ್ದ ಒಬ್ಬ ಕೂಗಿ ಹೇಳಿದ. ಗುಡ್ಡದ ಆಚೆ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಕೂತಿದ್ದಾನಂತೆ, ಅದೇ ಬೂದಿ, ಅದೇ ಗುಣ. ಜನ ಎದ್ದರು. ಕೋಲು ಹುಡುಕಿಕೊಂಡರು, ಚೀಲ ಎತ್ತಿಕೊಂಡರು. ಮುದುಕಿಯೂ ಕಂಬ ಹಿಡಿದು ಎದ್ದಳು, ಎದ್ದು ತೂರಾಡಿದಳು. ಅವಳ ತೋಳು ಹಿಡಿದು ಜೀಪಿನ ಹಿಂಬದಿಗೆ ಹತ್ತಿಸಿದವಳು ನಾನೇ. ಪಕ್ಕದಲ್ಲಿ ಕೂತವಳಿಗೆ, ಈ ಅಜ್ಜಿಗೆ ಹೋದ ಕೂಡಲೇ ಒಂದು ಚಿಟಿಕೆ ಕೊಡಿಸಿ, ಸಾಲಿನಲ್ಲಿ ನಿಲ್ಲಿಸಬೇಡಿ ಎಂದು ಹೇಳಿದವಳೂ ನಾನೇ. ಜೀಪು ಹೊರಟಿತು. ಅವನ ಬಳಿ ಪುಡಿ ಇವತ್ತಿಗೆ ಸಾಕಷ್ಟಿರಲಿ ಎಂದು ಮನಸ್ಸು ಹಾರೈಸುತ್ತಿತ್ತು.